ಮೊಳೆಗೆ ತೂಗಿದ ಫೋನು

ಕೆಂಡಕ್ಕ ಅನ್ನುವ ಹೆಸರು ಅವಳಿಗೆ ಸಿಟ್ಟಿನಿಂದ ಬಂದದ್ದಲ್ಲ. ಸಿಟ್ಟೂ ಇತ್ತು, ಅದು ಬೇರೆ ಮಾತು. ಹೆಸರು ಬಂದದ್ದು ಮೈಕಾವಿನಿಂದ. ಕೋಲ್ಡ್ ಸ್ಟೋರೇಜಿನಲ್ಲಿ ಮೀನು, ಬಟಾಣಿ ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸುವ ಹನ್ನೆರಡು ಹೆಂಗಸರಲ್ಲಿ ಹನ್ನೊಂದು ಮಂದಿಯ ಕೈ ಗ್ಲೌಸಿನೊಳಗೂ ಮರಗಟ್ಟಿರುತ್ತಿತ್ತು. ಇವಳ ಕೈ ಮಾತ್ರ ಈಗಷ್ಟೇ ಒಲೆ ಮುಂದಿನಿಂದ ಎದ್ದು ಬಂದವಳ ಕೈಯ ಹಾಗೆ ಬೆಚ್ಚಗಿರುತ್ತಿತ್ತು. ದೇವರು ಕೊಟ್ಟದ್ದು, ಏನು ಮಾಡುವುದು!

ಆ ಕಾವಿಗೆ ಅಲ್ಲಿ ಒಂದು ಕೆಲಸವಿತ್ತು. ಪೆಟ್ಟಿಗೆಗಳಿರುವ ಒಳಕೋಣೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಸುತ್ತ ತಗಡು, ತಗಡಿನ ನಡುವೆ ಗೇಣು ದಪ್ಪದ ಥರ್ಮಾಕೋಲು. ಫೋನಿನ ಸಿಗ್ನಲ್ ಅತ್ತ ಕಡೆ ತಲೆ ಹಾಕುವುದಿಲ್ಲ. ಸಿಗ್ನಲ್ ಸಿಗುವುದು ಮುಂಗೋಣೆಯಲ್ಲಿ, ಅದೂ ಲಾರಿಗೆ ಮಾಲು ಹಾಕುವ ದೊಡ್ಡ ಬಾಗಿಲ ಪಕ್ಕದ ಒಂದೇ ಒಂದು ಮೂಲೆಯಲ್ಲಿ. ಹೆಂಗಸರು ಆ ಮೂಲೆಯಲ್ಲಿ ಸಾಲಾಗಿ ಮೊಳೆ ಹೊಡೆಸಿ, ಬಟ್ಟೆಯ ಪುಟ್ಟ ಚೀಲಗಳಲ್ಲಿ ತಮ್ಮ ಫೋನುಗಳನ್ನು ತೂಗುಹಾಕಿದ್ದರು. ಮುಂಗೋಣೆಯೇನೂ ಬೆಚ್ಚಗಿನ ಜಾಗವಲ್ಲ, ಸೊನ್ನೆಗಿಂತ ಹತ್ತು ಕೆಳಗೆ. ನೀರು ಕೂರುವ ಜಾಗವೆಂದು ಒಂದು ಪ್ಲಗ್ ಕೂಡ ಇಟ್ಟಿರಲಿಲ್ಲ. ಅಲ್ಲಿ ತೂಗಿದ ಫೋನು ಅರ್ಧ ಗಂಟೆಯಲ್ಲಿ ಚಳಿ ಹಿಡಿದು ಆರಿಹೋಗುತ್ತಿತ್ತು. ಬ್ಯಾಟರಿಯಲ್ಲಿ ಚಾರ್ಜು ಇರುತ್ತಿತ್ತು, ಆದರೆ ಕೊಡಲು ಅದಕ್ಕೆ ಶಕ್ತಿ ಇರುತ್ತಿರಲಿಲ್ಲ. ಬೆಚ್ಚಗೆ ಮಾಡಿದರೆ ಮತ್ತೆ ಜೀವ ಬರುತ್ತಿತ್ತು.

ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಹನ್ನೆರಡು ಜನವೂ ಹಟ ಹಿಡಿದು ಒಂದೇ ಕಂಪನಿಯ, ಒಂದೇ ಮಾಡೆಲಿನ, ಹಿಂದಿನ ಮುಚ್ಚಳ ಉಗುರಿನಲ್ಲಿ ತೆಗೆಯಬಹುದಾದ ಫೋನು ಕೊಂಡಿದ್ದರು. ಒಬ್ಬೊಬ್ಬರಿಗೆ ಎರಡೆರಡು ಬ್ಯಾಟರಿ. ಒಂದು ಮೊಳೆಗೆ ತೂಗಿದ ಫೋನಿನಲ್ಲಿ, ಇನ್ನೊಂದು ಕೆಂಡಕ್ಕನ ಕೋಟಿನೊಳಗೆ. ಎದೆಯ ಹತ್ತಿರ ಅವಳು ಹನ್ನೆರಡು ಖಾನೆಯ ಒಂದು ಜೇಬು ಹೊಲಿದುಕೊಂಡಿದ್ದಳು. ಟ್ರಾಲಿ ತಳ್ಳಿಕೊಂಡು ಮುಂಗೋಣೆಗೆ ಹೋಗುವವರು ಅವಳಿಂದ ಬೆಚ್ಚನೆಯ ಬ್ಯಾಟರಿ ಇಸಿದುಕೊಂಡು ಹೋಗಿ ಫೋನಿಗೆ ಹಾಕಿ, ತಣ್ಣಗಾದದ್ದನ್ನು ತಂದು ಅವಳಿಗೆ ಕೊಡುವುದು. ಹೀಗೆ ದಿನವಿಡೀ ಫೋನು ಮೂಲೆಯಲ್ಲಿ, ಕಾವು ಮೈಮೇಲೆ.

“ಏನೇ ಕೆಂಡಕ್ಕ, ಮೊಟ್ಟೆ ಒಡೀತಾ, ಮರಿ ಬಂತಾ?” ಎಂದು ರೇಡಿಯೋ ಕೇಳುತ್ತಿದ್ದಳು. ರೇಡಿಯೋ ಅಂದರೆ ಅವಳ ಜೊತೆಗೆ ಟ್ರಾಲಿ ತಳ್ಳುವವಳು. ಬೆಳಿಗ್ಗೆ ಹಚ್ಚಿದರೆ ಸಂಜೆವರೆಗೂ ಬಾಯಿ ಮುಚ್ಚದ ಹೆಂಗಸು. ಯಾರ ಫೋನು ರಿಂಗಾದರೂ ಅವಳ ಒಂದು ಕೂಗಿಗೆ ಒಳಕೋಣೆಯ ಕೊನೆಯ ಸಾಲಿನವರೂ ಓಡಿಬರುತ್ತಿದ್ದರು.

“ನಿನ್ನ ಬ್ಯಾಟರಿ ಕೊಳೆತ ಮೊಟ್ಟೆ ಕಣೇ, ಎಷ್ಟು ಕಾವು ಕೊಟ್ಟರೂ ಅಷ್ಟೇ,” ಎನ್ನುತ್ತಿದ್ದಳು ಕೆಂಡಕ್ಕ.

ಹೀಗೆ ನಗುತ್ತಿದ್ದ ಹೆಂಗಸು ಕೆಂಡಕ್ಕ. ಗಂಡ ಹೋಗಿ ಬಹಳ ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ ಮಗಳು, ಇಪ್ಪತ್ತೆರಡು ವರ್ಷದವಳು. ಹೊರದೇಶದ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸವೆಂದು ಏಜೆಂಟನೊಬ್ಬ ಅವಳನ್ನು ಕರೆದೊಯ್ದ. ವಿಮಾನ ಇಳಿದ ದಿನ ಒಂದು ಫೋಟೋ ಬಂತು. ಆಮೇಲೆ ಐದು ತಿಂಗಳು ಸುದ್ದಿಯಿಲ್ಲ. ಏಜೆಂಟನ ಫೋನು ಸ್ವಿಚ್ ಆಫ್, ಅವನ ಅಂಗಡಿಗೆ ಬೀಗ.

ಆರನೇ ತಿಂಗಳಲ್ಲಿ ನಂಬರ್ ಕಾಣಿಸದ ಒಂದು ಕರೆ ಬಂತು. ಹನ್ನೊಂದು ಸೆಕೆಂಡು. “ಅಮ್ಮಾ, ನಾನು. ಪಾಸ್‌ಪೋರ್ಟ್ ಕಿತ್ಕೊಂಡಿದ್ದಾರೆ. ಹೊರಗೆ ಬಿಡಲ್ಲ.” ಅಷ್ಟಕ್ಕೆ ನಿಂತಿತು. ಎರಡನೇ ಸಲ ಸ್ವಲ್ಪ ಹೆಚ್ಚು ಮಾತಾಡಿದಳು. ಯಜಮಾನಿ ಹೊಡೆಯುತ್ತಾಳೆ, ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕುತ್ತಾಳೆ, ಅಡುಗೆಮನೆಯ ಗೋಡೆಯ ಫೋನಿಗೆ ಬೀಗ ಹಾಕಲು ಮರೆತ ದಿನ ಮಾತ್ರ ಹೀಗೆ ಮಾಡಲು ಆಗುತ್ತದೆ. ಅವಳನ್ನು ಕರೆತಂದದ್ದು ಪರದೆ ಎಳೆದ ಕಾರಿನಲ್ಲಿ. ತಾನಿರುವ ಬೀದಿಯ ಹೆಸರೂ ಆ ಹುಡುಗಿಗೆ ಗೊತ್ತಿರಲಿಲ್ಲ.

ಹೊರದೇಶದಲ್ಲಿ ದುಡಿಯುವವರ ದೂರು ಕೇಳುವ ಕಚೇರಿಯೊಂದಿತ್ತು. ಅಲ್ಲಿನ ಅಧಿಕಾರಿ ಕೆಟ್ಟವನಲ್ಲ. “ಅಮ್ಮಾ, ವಿಳಾಸ ತನ್ನಿ. ವಿಳಾಸ ಇದ್ದರೆ ಅಲ್ಲಿನ ನಮ್ಮವರು ಪೊಲೀಸರ ಜೊತೆ ಹೋಗಿ ಬಾಗಿಲು ತಟ್ಟುತ್ತಾರೆ. ಇಲ್ಲದಿದ್ದರೆ ಅಷ್ಟು ದೊಡ್ಡ ಊರಲ್ಲಿ ಎಲ್ಲಿ ಅಂತ ಹುಡುಕೋಣ ಹೇಳಿ?” ಎಂದ.

ಮೂರನೇ ಕರೆ ಬಂದಾಗ ಕೆಂಡಕ್ಕ ಅಳುವುದಕ್ಕೂ ಬಿಡುವು ಕೊಡದೆ ಹೇಳಿದಳು, “ವಿಳಾಸ ನೋಡ್ಕೋ ಪುಟ್ಟಾ. ಕರೆಂಟ್ ಬಿಲ್ ಮೇಲೆ ಇರತ್ತೆ, ಕಾಗದದ ಮೇಲೆ ಇರತ್ತೆ. ಒಂದೊಂದೇ ಅಕ್ಷರ ಬಾಯಿಪಾಠ ಮಾಡ್ಕೋ.”

“ಮಾಡ್ಕೋತೀನಿ. ಸಿಕ್ಕಿದ ದಿನ ಫೋನ್ ಮಾಡ್ತೀನಿ. ಆದ್ರೆ ನೀನೇ ಎತ್ತಬೇಕು ಅಮ್ಮ. ನಿಮ್ಮಮ್ಮನ ಫೋನು ನಮ್ಮ ಕೈಲಿದೆ ಅಂತ ಏಜೆಂಟು ಹೆದರಿಸಿದ್ದಾನೆ. ಬೇರೆ ಧ್ವನಿ ಕೇಳಿಸಿದ್ರೆ ಇಟ್ಟುಬಿಡ್ತೀನಿ.”

ಮೂರು ಕರೆಗಳೂ ಬಂದದ್ದು ಕೆಲಸದ ಹೊತ್ತಿನಲ್ಲಿ. ಮೂರು ಸಲವೂ ಫೋನು ಜೀವಂತವಿತ್ತು. ಕೆಂಡಕ್ಕನ ಫೋನು ಆರುವ ಮೊದಲೇ, ಯಾರದ್ದಾದರೂ ಸರಿ, ಬೆಚ್ಚಗಿದ್ದ ಬ್ಯಾಟರಿಯನ್ನು ಅದಕ್ಕೆ ಹಾಕಬೇಕು ಎಂದು ಹನ್ನೊಂದು ಹೆಂಗಸರೂ ಕಟ್ಟು ಮಾಡಿಕೊಂಡಿದ್ದರು. ಯಾರೂ ಹೇಳಿಸಿಕೊಂಡು ಮಾಡಿದ್ದಲ್ಲ.

ಆಗ ಬಂತು ನೋಡಿ ಹಾಳು ಮೆಸೇಜು. ತಿಂಗಳ ಕೊನೆಯಿಂದ ಹಳೆಯ ಸಿಗ್ನಲ್ ನಿಲ್ಲುತ್ತದೆ, ಹಳೆಯ ಫೋನು ಇಟ್ಟುಕೊಂಡವರು ಬದಲಿಸಿಕೊಳ್ಳಿ ಎಂದು. ಹೇಳುವವರಿಗೇನು, ಹೇಳಿಬಿಟ್ಟರು. ಕೆಂಡಕ್ಕ ಫೋನಂಗಡಿಗೆ ಹೋಗಿ ಕೌಂಟರಿನ ಮೇಲಿದ್ದ ಹೊಸ ಫೋನುಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕಿ ಬೆನ್ನಿನಲ್ಲಿ ಸಂದು ಹುಡುಕಿದಳು. ಒಂದರಲ್ಲೂ ಉಗುರು ಹೋಗುವ ಜಾಗವಿರಲಿಲ್ಲ.

“ಏನಮ್ಮ ಹುಡುಕ್ತಿದೀರಾ?” ಎಂದ ಅಂಗಡಿಯವನು.

“ಬ್ಯಾಟರಿ ತೆಗೆಯೋದು ಹೇಗೆ?”

“ತೆಗೆಯೋ ಹಾಗೇ ಇಲ್ಲ. ಈಗ ಎಲ್ಲಾ ಒಳಗೇ ಅಂಟಿಸಿಬಿಟ್ಟಿರ್ತಾರೆ. ನೋಡಿ, ಎಷ್ಟು ತೆಳ್ಳಗಿದೆ, ನೀರು ಬಿದ್ದರೂ ತಡ್ಕೊಳ್ಳತ್ತೆ.”

“ನನಗೆ ತೆಳ್ಳಗೆ ಬೇಡಪ್ಪ. ದಪ್ಪಗೇ ಇರಲಿ, ಇಟ್ಟಿಗೆ ಹಾಗಿರಲಿ, ಬಿಚ್ಚೋಕೆ ಬರಬೇಕು.”

“ಅಂಥದ್ದು ಈಗ ಎಲ್ಲಿ ಬರತ್ತಮ್ಮ? ನನ್ನ ಹತ್ರ ಇರೋ ಗುಂಡಿ ಫೋನು ಕೊಡ್ತಿದ್ದೆ, ಅದು ಹೊಸ ಸಿಗ್ನಲ್ ಹಿಡಿಯಲ್ಲ. ಬೇಕಂದ್ರೆ ಬಿಚ್ಚೋ ಥರದ್ದು ಹೊರಗಿಂದ ತರಿಸಬಹುದು, ಎರಡು ತಿಂಗಳಾಗತ್ತೆ.”

ಎರಡು ತಿಂಗಳು! ಮಗಳು ಕರೆ ಇಂದು ಮಾಡುತ್ತಾಳೋ ನಾಳೆ ಮಾಡುತ್ತಾಳೋ! ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬಂದಳು. ಉಳಿದ ಹನ್ನೊಂದು ಹೆಂಗಸರದ್ದೂ ಅದೇ ಕಥೆಯಾಯಿತು. ಅವರಿಗೆ ಅಂಥ ತೊಂದರೆಯೇನಿರಲಿಲ್ಲ, ಊಟದ ಹೊತ್ತಿಗೆ ಹೊರಗೆ ಹೋಗಿ ನೋಡಿಕೊಂಡರೆ ಮುಗಿಯಿತು. ತೊಂದರೆ ಇದ್ದದ್ದು ಒಬ್ಬಳಿಗೇ.

ಹೊಸ ಫೋನನ್ನು ಮೊಳೆಗೆ ತೂಗಿದಳು. ಹದಿನೈದೇ ನಿಮಿಷ. ನೂರಕ್ಕೆ ಅರವತ್ತು ಚಾರ್ಜು ತೋರಿಸುತ್ತಾ ಇದ್ದದ್ದು ಕಣ್ಣೆದುರೇ ಕಪ್ಪಾಯಿತು. ಉಣ್ಣೆ ಸುತ್ತಿದಳು, ಇಪ್ಪತ್ತು ನಿಮಿಷ ಬಂತು. ಪವರ್ ಬ್ಯಾಂಕ್ ಕಟ್ಟಿದಳು, ಅದೂ ಬ್ಯಾಟರಿಯೇ ತಾನೇ, ಅದೂ ಜೊತೆಗೇ ಮಲಗಿತು. ತನ್ನ ಕೋಟಿನೊಳಗೆ ಇಟ್ಟುಕೊಂಡರೆ ಎಷ್ಟು ಹೊತ್ತು ಬೇಕಾದರೂ ಬದುಕುತ್ತದೆ, ಆದರೆ ಒಳಕೋಣೆಯಲ್ಲಿ ಸಿಗ್ನಲ್ ಇಲ್ಲ. ಮೊದಲಾದರೆ ಫೋನನ್ನು ಅಲ್ಲಿ ಬಿಟ್ಟು ಬ್ಯಾಟರಿಯನ್ನು ಇಲ್ಲಿ ಇಟ್ಟುಕೊಳ್ಳಬಹುದಿತ್ತು. ಈಗ ಎರಡನ್ನೂ ಸೇರಿಸಿ ಅಂಟಿಸಿಬಿಟ್ಟಿದ್ದರು. ಯಾವ ಪುಣ್ಯಾತ್ಮನಿಗೆ ಹೊಳೆದ ಬುದ್ಧಿಯೋ!

ಒಂಬತ್ತು ದಿನ ರಜೆ ಹಾಕಿ ತಾನು ವಾಸವಿದ್ದ ಕೋಣೆಯಲ್ಲೇ ಫೋನಿನ ಎದುರು ಕೂತಳು. ಸ್ನಾನಕ್ಕೆ ಹೋದರೂ ಬಾಗಿಲು ಅರೆತೆರೆದು ಇಟ್ಟುಕೊಂಡಳು. ಕರೆ ಬರಲಿಲ್ಲ. ಹತ್ತನೇ ದಿನ ಸೂಪರ್‌ವೈಸರ್ ಹೇಳಿಕಳಿಸಿದ, ನಾಳೆ ಬರದಿದ್ದರೆ ಹೆಸರು ಹೊಡೆದುಹಾಕುತ್ತೇನೆ ಎಂದು. ಹೆಸರು ಹೋದರೆ ಕಂಪನಿ ಕೊಟ್ಟ ಕೋಣೆಯೂ ಹೋಗುತ್ತದೆ. ಮಗಳು ಬಿಡಿಸಿಕೊಂಡು ಬಂದರೂ ಬರುವುದು ಎಲ್ಲಿಗೆ? ಹೊರಗಡೆಯ ಕೆಲಸ ಕೊಡಿ ಸಾರ್, ಕಸ ಗುಡಿಸಲಿಕ್ಕಾದರೂ ಹಾಕಿ ಎಂದು ಅವನ ಮುಂದೆ ಕೈಮುಗಿದಳು. “ಹೊರಗೆ ಇರೋರೇ ಜಾಸ್ತಿಯಾಗಿದ್ದಾರಮ್ಮ, ನಾನೇನು ಮಾಡ್ಲಿ?” ಎಂದ ಅವನು. ಅದು ಸುಳ್ಳೂ ಅಲ್ಲ.

ಮಾರನೇ ದಿನ ಫೋನನ್ನು ಗೇಟು ಕಾಯುವ ತಾತನ ಕೈಗೆ ಕೊಟ್ಟು ಒಳಗೆ ಹೋದಳು. “ತಾತಾ, ನಂಬರ್ ಇಲ್ದೆ ಬಂದ್ರೆ ಎತ್ತಬೇಡ. ಓಡಿ ಬಂದು ಬಾಗಿಲು ಬಡಿ.” ತಾತ ತಲೆಯಾಡಿಸಿದ. ಹನ್ನೆರಡು ಗಂಟೆಗೆ ಫೋನು ರಿಂಗಾಯಿತು. ಗೇಟಿನಿಂದ ಬಾಗಿಲಿಗೆ ಇನ್ನೂರು ಹೆಜ್ಜೆ, ತಾತನಿಗೆ ಮಂಡಿನೋವು. ಅಷ್ಟರಲ್ಲಿ ನಿಂತುಹೋದರೆ ಎಂದು ಗಾಬರಿಯಾಗಿ ಅರ್ಧ ದಾರಿಯಲ್ಲಿ ಎತ್ತಿಬಿಟ್ಟ. “ಇರಮ್ಮಾ, ನಿಮ್ಮಮ್ಮನ್ನ ಕರೀತೀನಿ” ಅನ್ನುವಷ್ಟರಲ್ಲಿ ಆ ಕಡೆ ಇಟ್ಟುಬಿಟ್ಟಳು.

“ಮೆತ್ತಗೇ ಮಾತಾಡ್ದೆ ಕಣಮ್ಮ, ನನ್ನಾಣೆ ಮೆತ್ತಗೇ ಮಾತಾಡ್ದೆ,” ಎಂದು ತಾತ ಗೇಟಿಗೆ ಒರಗಿ ಕೂತುಬಿಟ್ಟ. ಮುದುಕನನ್ನು ಬೈದು ಏನು ಬಂತು? ಆ ಹೆಣ್ಣುಮಗು ಇನ್ಯಾರದೋ ಧ್ವನಿ ಕೇಳಿ ಎಷ್ಟು ನಡುಗಿತೋ, ಇನ್ನು ಮಾಡುವುದೇ ಇಲ್ಲವೋ ಏನೋ ಎಂದುಕೊಳ್ಳುತ್ತಾ ಕೆಂಡಕ್ಕ ಅವನ ಕೈಯಿಂದ ಫೋನು ತೆಗೆದುಕೊಂಡಳು. ವಿಳಾಸ ಸಿಕ್ಕಿಯೇ ಮಾಡಿರಬೇಕು. ಇಲ್ಲದಿದ್ದರೆ ಮಾಡುತ್ತಿರಲಿಲ್ಲ.

ಮಾರನೇ ದಿನದಿಂದ ಅವಳು ಬೇರೆ ಲೆಕ್ಕ ಹಿಡಿದಳು. ಹತ್ತು ನಿಮಿಷ ಫೋನು ಮೊಳೆಯ ಮೇಲೆ, ಹತ್ತು ನಿಮಿಷ ಕಂಕುಳಲ್ಲಿ. ಆರುವ ಮೊದಲೇ ತಂದು ಕಾವು ಕೊಡುವುದು, ಕಾವು ಹತ್ತಿದ ಕೂಡಲೇ ಮತ್ತೆ ತೂಗುವುದು. ತರುವುದು ಒಯ್ಯುವುದು ರೇಡಿಯೋ ಮತ್ತು ಉಳಿದವರ ಪಾಲು. ದಿನಕ್ಕೆ ಇಪ್ಪತ್ತೈದು ಸಲ ಮಂಜಿನಂಥ ಆ ಫಲಕವನ್ನು ಕಂಕುಳಿಗೆ ಇಟ್ಟುಕೊಂಡು ಅಲ್ಲಿನ ಚರ್ಮ ಕೆಂಪಾಗಿ ಸುಲಿಯತೊಡಗಿತು. ಅದು ಅವಳಿಗೆ ನೋವೆನಿಸಲಿಲ್ಲ. ನೋವೆನಿಸಿದ್ದು ಬೇರೆ. ದಿನದಲ್ಲಿ ಅರ್ಧ ಹೊತ್ತು ಮಗಳಿಗೆ ಅಮ್ಮ ಇದ್ದಾಳೆ, ಅರ್ಧ ಹೊತ್ತು ಇಲ್ಲ. ಪೆಟ್ಟಿಗೆ ಎತ್ತುವಾಗಲೂ ಅದೇ, ಇಳಿಸುವಾಗಲೂ ಅದೇ, ಈಗ ಮಾಡುತ್ತಿದ್ದಾಳೋ, ಈಗಲೇ ಮಾಡುತ್ತಿದ್ದಾಳೋ.

ಫೋನು ಸರಿಯಿದೆಯೇ ಎಂದು ನೋಡಲು ಊಟದ ಹೊತ್ತಿಗೊಮ್ಮೆ ರೇಡಿಯೋ ತನ್ನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ಎರಡು ಸಲ ರಿಂಗಾದರೆ ಕತ್ತರಿಸಿಬಿಡುವುದು. ಪಕ್ಕದಲ್ಲೇ ನಿಂತವಳ ಜೊತೆ ಫೋನಿನಲ್ಲಿ ಮಾತೇನು? “ರಿಂಗಾಗ್ತಿದೆ ಕಣೇ, ನೆಮ್ಮದಿಯಾಗಿ ಎರಡು ತುತ್ತು ಉಣ್ಣು,” ಎನ್ನುತ್ತಿದ್ದಳು. ರಿಂಗಾಗುತ್ತಿತ್ತು, ನಿಜ. ಅದಕ್ಕಿಂತ ಹೆಚ್ಚು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹದಿನೇಳನೇ ದಿನ ಮಧ್ಯಾಹ್ನ ಮೂರೂವರೆಗೆ ರೇಡಿಯೋ ಕೂಗಿದಳು. “ಕೆಂಡಕ್ಕಾ! ನಂಬರ್ ಇಲ್ಲ! ನಂಬರ್ ಇಲ್ಲ!”

ಕೆಂಡಕ್ಕ ಕೈಲಿದ್ದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದಳು. ಹಿಮಗಟ್ಟಿದ ನೆಲದ ಮೇಲೆ ಒಮ್ಮೆ ಜಾರಿ ಮಂಡಿಯೂರಿ ಎದ್ದಳು. ಮುಂಗೋಣೆಯ ಮೂಲೆಯಲ್ಲಿ ಗ್ಲೌಸನ್ನು ಹಲ್ಲಿನಿಂದ ಎಳೆದು ಬಿಸಾಕಿ ಫೋನು ಎತ್ತಿ ಸ್ಪೀಕರ್ ಒತ್ತಿದಳು. ಚಾರ್ಜು ಮೂವತ್ತೊಂದು. ತೂಗಿ ಆಗಲೇ ಎಂಟು ನಿಮಿಷವಾಗಿತ್ತು.

“ಪುಟ್ಟಾ! ನಾನು! ಅಮ್ಮ!”

“ಅಮ್ಮಾ?” ಆ ಕಡೆಯ ಧ್ವನಿ ಸ್ವಚ್ಛವಾಗಿತ್ತು, ಪಕ್ಕದ ಕೋಣೆಯಿಂದ ಬಂದ ಹಾಗೆ. “ಅಮ್ಮಾ, ನೀನೇನಾ?”

“ನಾನೇ ಕಣೇ, ನಾನೇ! ಹೇಳು!”

“ಅಮ್ಮಾ? ಮಾತಾಡಮ್ಮ.”

“ಮಾತಾಡ್ತಾ ಇದೀನಿ! ಕೇಳಿಸ್ತಿಲ್ವಾ?” ಅವಳು ಕಿರುಚಿದಳು. ಫೋನನ್ನು ಬಾಯಿಗೆ ಒತ್ತಿ ಹಿಡಿದು ಕಿರುಚಿದಳು. ಒಳಕೋಣೆಯಿಂದ ಹೆಂಗಸರು ಹೊರಬಂದು ನಿಂತರು. ರೇಡಿಯೋ ಬಗ್ಗಿ ತಾನೂ ಗಂಟಲು ಹರಿಯುವಂತೆ ಕೂಗಿದಳು. ಆ ಕಡೆ ಹುಡುಗಿ ಉಸಿರಾಡುವುದೂ ಇವರಿಗೆ ಕೇಳುತ್ತಿತ್ತು. ಇವರದ್ದು ಒಂದು ಸೊಲ್ಲೂ ಅವಳಿಗೆ ಹೋಗುತ್ತಿರಲಿಲ್ಲ.

“ಯಾರೋ ಎತ್ತಿದ್ದೀರ. ರಿಂಗಾಗೋದು ನಿಂತಿದೆ,” ಎಂದಳು ಮಗಳು. ಇನ್ನೇನು ಇಟ್ಟುಬಿಡುತ್ತಾಳೆ ಎಂದು ಕೆಂಡಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಮ್ಮನೋ ಯಾರೋ ಗೊತ್ತಿಲ್ಲ. ಇನ್ನೊಂದು ಸಲ ಆಗಲ್ಲ, ನಾಳೆಯಿಂದ ಈ ಫೋನು ತೆಗೆಸಿಬಿಡ್ತಾರೆ. ಅದಕ್ಕೆ ಹೇಳಿಬಿಡ್ತೀನಿ. ಅಮ್ಮನೇ ಆಗಿದ್ರೆ ಬರ್ಕೋ.”

ಬರೆಯುವುದು ಯಾವುದರಲ್ಲಿ? ಪೆಟ್ಟಿಗೆಗೆ ನಂಬರು ಹಾಕುವ ಮಾರ್ಕರು ಜೇಬಿನಲ್ಲಿತ್ತು, ಅದರ ಮಸಿ ಚಳಿಗೆ ಗಟ್ಟಿಯಾಗಿತ್ತು, ಗೀರಿದರೆ ಗೆರೆ ಮೂಡಲಿಲ್ಲ. ಕೆಂಡಕ್ಕ ಫೋನನ್ನು ಕಾಲರಿನೊಳಗೆ ಕುತ್ತಿಗೆಗೆ ಒತ್ತಿಕೊಂಡು, ದೊಡ್ಡ ಬಾಗಿಲ ತಗಡಿನ ಮೇಲೆ ಬೆಳ್ಳಗೆ ಕೂತಿದ್ದ ಹಿಮದ ಮೇಲೆ ಉಗುರಿನಿಂದ ಗೀಚತೊಡಗಿದಳು. ಬ್ಲಾಕಿನ ನಂಬರು. ರಸ್ತೆಯ ನಂಬರು. ಮನೆಯ ನಂಬರು. ಆಮೇಲೆ ಬಡಾವಣೆಯ ಹೆಸರು, ಒಂದೊಂದೇ ಅಕ್ಷರ. ಹುಡುಗಿ ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು, ನಡುವೆ ಬಿಕ್ಕಿದರೂ ಅಕ್ಷರ ಬಿಡಲಿಲ್ಲ. ಕೆಂಡಕ್ಕನ ಉಗುರು ಸೀಳಿ ಹಿಮ ಕೆಂಪಾಯಿತು. ಹೊರಗೆ ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಸೂಪರ್‌ವೈಸರ್ ಬಾಗಿಲು ಎತ್ತಲು ಬಂದ.

“ಎತ್ತಿದ್ರೆ ನಿನ್ನ ಕೈ ಮುರೀತೀನಿ!” ಎಂದು ರೇಡಿಯೋ ಅವನಿಗೆ ಅಡ್ಡ ನಿಂತಳು. ಅವನು ಬಾಗಿಲನ್ನು ನೋಡಿದ, ಕೆಂಡಕ್ಕನನ್ನು ನೋಡಿದ, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ಒಂದು ರಟ್ಟಿನ ಚೂರಿನ ಮೇಲೆ ಹಿಮದಲ್ಲಿದ್ದದ್ದನ್ನೆಲ್ಲ ನಕಲು ಮಾಡತೊಡಗಿದ.

“ಅಷ್ಟೇ,” ಎಂದಳು ಮಗಳು. “ಕೇಳಿಸ್ತಾ?”

“ಕೇಳಿಸ್ತು ಮಗಳೇ! ಎಲ್ಲಾ ಕೇಳಿಸ್ತು! ಬರ್ತಾರೆ ಪುಟ್ಟಾ, ಬಂದು ಕರ್ಕೊಂಡು ಬರ್ತಾರೆ!”

“ಏನಾದ್ರೂ ಅನ್ನಮ್ಮ. ಕೆಮ್ಮು ಬೇಕಾದ್ರೆ. ಒಂದೇ ಒಂದು ಸಲ.”

ಕೆಂಡಕ್ಕ ಕೆಮ್ಮಿದಳು. ಕೂಗಿದಳು. ಫೋನನ್ನು ಅಂಗೈಯಿಂದ ಬಡಿದಳು.

“ಯಾರೂ ಇಲ್ಲ,” ಎಂದಳು ಹುಡುಗಿ, ತನಗೆ ತಾನೇ ಹೇಳಿಕೊಂಡಂತೆ. “ಆಯ್ತು ಬಿಡು. ಇನ್ನು ನನ್ನ ಕೈಲಾಗಲ್ಲ ಅಮ್ಮ. ಆಯ್ತು ಬಿಡು.”

ಕರೆ ನಿಂತಿತು. ಒಂದು ನಿಮಿಷದ ಮೇಲೆ ಫೋನೂ ಆರಿತು.

ಅದೇ ಸಂಜೆ ರಟ್ಟಿನ ಚೂರು ಕಚೇರಿ ಸೇರಿತು. ಅಧಿಕಾರಿ ವಿಳಾಸವನ್ನು ಎರಡು ಸಲ ಓದಿ, ಪೂರ್ತಿ ಇದೆ, ಇಷ್ಟು ಸಾಕು ಎಂದ. ಅಲ್ಲಿನ ಪೊಲೀಸರ ಅಪ್ಪಣೆ ಸಿಗಲು ಹತ್ತು ಹನ್ನೆರಡು ದಿನವಾಗುತ್ತದೆ ಎಂದ. ಹೊರಡುವಾಗ ದನಿ ತಗ್ಗಿಸಿ, “ಧೈರ್ಯವಾಗಿರೋಕೆ ಅವಳಿಗೆ ಹೇಳಿದ್ದೀರಿ ತಾನೇ? ಇಂಥ ಮಕ್ಕಳು ಆಸೆ ಬಿಟ್ಟುಬಿಟ್ಟರೆ ಕಷ್ಟ. ಅಲ್ಲಿ ಮಹಡಿಗಳು ಬಹಳ ಎತ್ತರ,” ಎಂದ. ಕೆಂಡಕ್ಕ ಎದ್ದು ಹೊರಗೆ ಬಂದಳು. ವಿಳಾಸ ಕೈಗೆ ಬಂದಿತ್ತು. ಆದರೆ ಹನ್ನೆರಡು ದಿನ ಆ ಹುಡುಗಿ ತನ್ನ ಮಾತು ಯಾರಿಗೂ ಮುಟ್ಟಲಿಲ್ಲವೆಂದೇ ತಿಳಿದುಕೊಂಡು ಇರಬೇಕು.

ಅಲ್ಲಿಂದ ಅವಳ ಕಾಲುಗಳು ನೇರ ಫೋನಂಗಡಿಗೆ ಹೋದವು. ಮಗಳು ಹೇಗಾದರೂ ಇನ್ನೊಂದು ಸಲ ಮಾಡಿದರೆ? ಅಂಗಡಿಯವನು ಫೋನನ್ನು ಬೆಳಕಿಗೆ ಹಿಡಿದು, “ಕ್ಯಾಮೆರಾ ಗಾಜಿನ ಹಿಂದೆ ಹಬೆ ಕೂತಿದೆಯಲ್ಲಮ್ಮ! ನೀರಿಗೆ ಬೀಳಿಸಿದ್ರಾ?” ಎಂದ. ಅವಳು ಮೊಳೆಯ ಕಥೆ, ಕಂಕುಳ ಕಥೆ ಎರಡನ್ನೂ ಹೇಳಿದಳು.

“ಅಯ್ಯೋ, ಅಷ್ಟು ಚಳಿಯಿಂದ ಬಿಸಿಗೆ ತಂದ್ರೆ ಒಳಗೆಲ್ಲ ಬೆವರತ್ತೆ. ಬರೀ ಬ್ಯಾಟರಿ ಆಗಿದ್ರೆ ಒರೆಸಿ ಹಾಕ್ಕೋಬಹುದಿತ್ತು. ಇದು ಇಡೀ ಫೋನು. ಮೈಕು ಹೋಗಿದೆ.”

ತನ್ನ ಮೈಯ ಕಾವೇ ತನ್ನ ಬಾಯಿ ಕಟ್ಟಿತು ಎಂದು ಅವಳಿಗೆ ಅರ್ಥವಾಯಿತು. ಅಳಲಿಲ್ಲ. ಅವತ್ತು ಮಧ್ಯಾಹ್ನ ನಡೆದದ್ದನ್ನೂ ಹೇಳಿದಳು. ಅಂಗಡಿಯವನು ಒಳ್ಳೆಯ ಹುಡುಗ, ಕೇಳುತ್ತಾ ಕೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಆ ಸಂಕಟದಲ್ಲೇ ಬಾಯಿತಪ್ಪಿ ಹೇಳಿಬಿಟ್ಟ, “ಒಂದು ನಂಬರ್ ಒತ್ತಬಾರದಿತ್ತಾ ಅಮ್ಮ? ಮೈಕು ಹೋದ್ರೂ ಒತ್ತಿದ ಶಬ್ದ ಆ ಕಡೆ ಕೇಳಿಸತ್ತೆ. ಯಾರೋ ಇದ್ದಾರೆ ಅಂತ ಗೊತ್ತಾಗ್ತಿತ್ತು.”

“ಯಾವ ನಂಬರು?”

“ಯಾವ್ದಾದ್ರೂ.”

ಅವಳು ತೋರಿಸು ಎಂದಳು. ಬೇಡಮ್ಮ ಎಂದ ಅವನು. ಅವಳು ಬಿಡಲಿಲ್ಲ. ಅವನು ತನ್ನ ಫೋನಿನಿಂದ ಅವಳದ್ದಕ್ಕೆ ಕರೆ ಮಾಡಿ, ತನ್ನದನ್ನು ಕೌಂಟರಿನ ಮೇಲೆ ಇಟ್ಟ. ಕೆಂಡಕ್ಕ ಎತ್ತಿದಳು. ಉಗುರು ಸೀಳಿದ ಬೆರಳಿನಿಂದ ಐದನ್ನು ಒತ್ತಿದಳು. ಅವನ ಫೋನಿನಲ್ಲಿ ಕೀಂ ಅಂದಿತು. ಮತ್ತೆ ಒತ್ತಿದಳು. ಅಂಗಡಿಗೆ ಬಂದವರು ನಿಂತು ನೋಡಿದರು, ಅವನು ಸಾಕಮ್ಮ ಸಾಕು ಎಂದ, ಅವಳು ಒತ್ತುತ್ತಲೇ ಇದ್ದಳು. ಪ್ರತಿ ಸಲವೂ ಕೇಳಿಸಿತು.